ಇಬ್ಬರು ರಾಜರಿಗೆ ಕೊಟ್ಟ ಮಾತು

ನನ್ನ ಯಜಮಾನರಿಗೆ ಲಕ್ವಾ ಹೊಡೆದದ್ದು ದೀಪಾವಳಿ ಮುಗಿದ ಮರುವಾರ, ಬೆಳಗಿನ ಚಹಾದ ಹೊತ್ತಿಗೆ. ಬಸಿ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಮತ್ತೆ ಏಳಲಿಲ್ಲ. ದಾಂಡೇಲಿಯಿಂದ ಹುಬ್ಬಳ್ಳಿಗೆ ಕರೆದೊಯ್ಯುವಾಗ ಹಳಿಯಾಳ ದಾಟುವವರೆಗೂ ನನ್ನ ಮುಖ ನೋಡುತ್ತ ಏನೋ ಹೇಳುತ್ತಿದ್ದರು. ಒಂದಕ್ಷರವೂ ನನಗೆ ತಿಳಿಯಲಿಲ್ಲ. ಹದಿನೈದು ದಿನಕ್ಕೆ ಮಾತು ತಿರುಗಿ ಬಂದಾಗ ಕೇಳಿದೆ, ಅವತ್ತು ಗಾಡಿಯಲ್ಲಿ ಏನು ಹೇಳುತ್ತಿದ್ದಿರಿ ಅಂತ.

"ಗ್ಯಾಸ್ ಬಂದ್ ಮಾಡೀದೇನ ಅಂತ ಕೇಳಾಕತ್ತಿದ್ದೆ," ಎಂದರು.

ಮಾತಿನ ಹಿಂದೆ ಕಾಲೂ ಬಂತು. ಜನವರಿಯ ಹೊತ್ತಿಗೆ ಕೋಲಿಲ್ಲದೆ ಹಿತ್ತಲಿಗೆ ಹೋಗಿ ಬರುತ್ತಿದ್ದರು. ಬಲಗೈ ಮಾತ್ರ ಬರಲಿಲ್ಲ. ಎತ್ತಬಹುದಿತ್ತು, ಮಡಚಬಹುದಿತ್ತು, ಆದರೆ ಬೆರಳುಗಳು ಒಂದರ ಮಾತು ಒಂದು ಕೇಳುತ್ತಿರಲಿಲ್ಲ. ಅಂಗಿಯ ಗುಂಡಿ ನಾನೇ ಹಾಕುತ್ತಿದ್ದೆ. ಅವರು ಆಗ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದರು.

ಬೇರೆಯವರಿಗೆ ಕೈ ಅಂದರೆ ಕೈ. ಇವರಿಗೆ ಅದು ನೌಕರಿ. ಕಾಗದದ ಮಿಲ್ಲಿನಲ್ಲಿ ಇವರದು ಸುರುಳಿ ಯಂತ್ರ. ಆಳೆತ್ತರದ ದೊಡ್ಡ ಸುರುಳಿಯನ್ನು ಬಿಚ್ಚಿ, ಬೇಕಾದ ಅಗಲಕ್ಕೆ ಸೀಳಿ, ಮತ್ತೆ ಸಣ್ಣ ಸುರುಳಿಗಳಾಗಿ ಸುತ್ತುವುದು. ಕಾಗದ ಓಡುವಾಗ ಬಿಗಿ ಜಾಸ್ತಿಯಾದರೆ ಹರಿಯುತ್ತದೆ, ಸಡಿಲಾದರೆ ಸುರುಳಿ ಸೊಟ್ಟಗಾಗುತ್ತದೆ. ಅದನ್ನು ತೋರಿಸುವ ಮುಳ್ಳು ಯಂತ್ರದಲ್ಲೇ ಇದೆಯಂತೆ. ಇವರಿಗೆ ಮುಳ್ಳು ಬೇಕಿರಲಿಲ್ಲ, ಸುತ್ತಿದ ಸುರುಳಿಯ ಮೇಲೆ ಬೆರಳು ಬಡಿದು ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಧಾರವಾಡದ ಕಡೆಯ ಅವರ ಊರಿಗೆ ಹೋದಾಗ, ಅಂಗಡಿಯಲ್ಲಿ ಕಲ್ಲಂಗಡಿ ಹಣ್ಣು ಬಡಿದು ನೋಡುತ್ತಿದ್ದ ರೀತಿಗೆ ನಾನು ನಕ್ಕಿದ್ದೆ. ಅದು ಮಿಲ್ಲಿನಿಂದ ಬಂದ ಚಾಳಿ ಅಂತ ಆಮೇಲೆ ತಿಳಿಯಿತು.

ಹುಬ್ಬಳ್ಳಿಯ ಡಾಕ್ಟರು ಕೈಗೆ ವ್ಯಾಯಾಮ ಹೇಳಿ ಕಳಿಸಿದ್ದರು. ರಬ್ಬರಿನ ಚೆಂಡು ಹಿಸುಕುವುದು, ತೊಗರಿಬೇಳೆ ಕಡಲೆಬೇಳೆ ಕೂಡಿಸಿ ಇಟ್ಟು ಬೇರೆ ಬೇರೆ ಆರಿಸುವುದು. ಚೆಂಡು ಎರಡನೇ ದಿನವೇ ಮಂಚದ ಕೆಳಗೆ ಉರುಳಿ ಹೋಯಿತು. ಕಸ ಗುಡಿಸುವಾಗ ನಾನು ತೆಗೆದಿಟ್ಟರೆ ಮತ್ತೆ ಉರುಳಿತು. ಬೇಳೆಯ ತಾಟನ್ನು ನನ್ನ ಕಡೆ ಸರಿಸಿ, "ಇದು ನಿನ್ನ ಕೆಲಸ, ನನಗ್ಯಾಕ ಹಚ್ಚತೀದಿ?" ಅಂದರು. ಎರಡೂ ಬೇಳೆ ಕೂಡಿಸಿಯೇ ಸಾರು ಮಾಡಿದೆ.

ಆಗ ಬಂದವನು ನನ್ನ ತಮ್ಮ. ಅವನದು ಕ್ಯಾಸಲ್‌ರಾಕಿನಲ್ಲಿ ರೈಲ್ವೆ ನೌಕರಿ. ನಲವತ್ತು ದಾಟಿದೆ, ಎರಡು ಮಕ್ಕಳ ತಂದೆ, ಆದರೂ ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುತ್ತಾನೆ. ಮಳೆಗಾಲದಲ್ಲಿ ಅಲ್ಲಿ ಡ್ಯೂಟಿ ಮುಗಿದ ಮೇಲೆ ಮಾಡುವುದಕ್ಕಾದರೂ ಏನಿದೆ ಅನ್ನುವುದು ಅವನ ವಾದ. ರಜೆಯ ದಿನ ತನ್ನ ಹಳೆಯ ಲ್ಯಾಪ್‌ಟಾಪು, ಒಂದು ಮೌಸು, ಸಾರಿನ ಹುಳಿಗೆ ಒಣಗಿಸಿದ ಮುರುಗಲಿನ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟ.

"ಮಾಮಾ, ಇದನ್ನ ಬಲಗೈಲೇನ ಹಿಡೀಬೇಕು. ಎಡಗೈಲೇ ಹಿಡಿದ್ರ ಸೈನ್ಯಾ ಮಾತ ಕೇಳೂದಿಲ್ಲ."

"ಹಂಗೂ ಇರತೈತೇನು?"

"ರಾಜರ ಆಟ ಐತ್ರಿ ಇದು. ಶಾಸ್ತ್ರ ಇರತಾವು."

ನಂಬಿದರೋ ನಂಬಿದಂತೆ ಮಾಡಿದರೋ, ಮೌಸಿನ ಮೇಲೆ ಬಲಗೈ ಇಟ್ಟರು.

ಆಟದ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಸಮುದ್ರದಾಚೆಯ ಯಾವುದೋ ಸೀಮೆ, ನೂರಾರು ವರ್ಷ ಹಿಂದಿನ ಕಾಲ. ನಕಾಶೆಯಲ್ಲಿ ಸಣ್ಣ ದೊಡ್ಡ ರಾಜ್ಯಗಳು. ನಮಗೆ ತಮ್ಮ ಆರಿಸಿ ಕೊಟ್ಟದ್ದು ಅಂಗೈಯಷ್ಟಗಲದ ಹಳದಿ ಬಾವುಟದ ರಾಜ್ಯ. ಉತ್ತರದ ಬೆಟ್ಟದಲ್ಲಿ ನೀಲಿ ಬಾವುಟದವನು, ಪಶ್ಚಿಮಕ್ಕೆ ಸಮುದ್ರದ ದಂಡೆಯಲ್ಲಿ ಕೆಂಪು ಬಾವುಟದವನು. ಇಬ್ಬರೂ ನಮಗಿಂತ ದೊಡ್ಡವರು. ಒಂದು ಗುಂಡಿ ಒತ್ತಿದರೆ ಒಂದು ಋತು ಮುಂದೆ ಹೋಗುತ್ತದೆ. ಅಷ್ಟರೊಳಗೆ ರಸ್ತೆ ಕಟ್ಟಬೇಕು, ಕೋಟೆ ಕಟ್ಟಬೇಕು, ಉಗ್ರಾಣ ತುಂಬಬೇಕು, ನೆರೆಯವರನ್ನು ನೋಡಿಕೊಳ್ಳಬೇಕು.

ಯಜಮಾನರು ನೆರೆಯವರನ್ನು ನೋಡಿಕೊಳ್ಳಲಿಲ್ಲ. ಮೂರನೇ ಋತುವಿಗೇ ಕೆಂಪಿನವನ ಮೇಲೆ ದಂಡೆತ್ತಿ ಹೋದರು. ಯುದ್ಧ ಶುರುವಾದರೆ ಆ ಆಟ ಕಾಯುವುದಿಲ್ಲ. ಮೌಸಿನಿಂದ ತುಕಡಿಗಳನ್ನು ಹಿಡಿದು ಎಳೆದು ಸರಿಯಾದ ಜಾಗಕ್ಕೆ ಬಿಡಬೇಕು, ಅದೂ ಬೇಗ. ಇವರ ಬೆರಳು ನಡುವೆಯೇ ಜಾರಿತು. ಕುದುರೆಯವರೆಲ್ಲ ಹೋಗಿ ಹೊಳೆಯಲ್ಲಿ ನಿಂತರು. ಅರ್ಧ ತಾಸಿನಲ್ಲಿ ರಾಜ್ಯ ಹೋಯಿತು. ಮರುದಿನ ಮತ್ತೆ ಶುರು ಮಾಡಿದರು, ಮತ್ತೆ ಹೋಯಿತು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದರು.

ನಾನು ಅವರೆಕಾಳು ಸುಲಿಯುತ್ತ ಕೂತಿದ್ದೆ. ಆ ಬೆನ್ನು ನೋಡಿ ಸುಮ್ಮನಿರಲಾಗಲಿಲ್ಲ.

"ಅಲ್ರೀ, ಜಗಳ ಯಾಕ ತಗೀತೀರಿ? ಅವರಿಗೆ ಏನರೆ ಕಳಸೂದು, ಮಾತಾಡೂದು ಇಲ್ಲೇನು ಅದರಾಗ?"

"ಐತಿ. ನೀನs ಮಾಡು."

ಮಾಡಿದೆ. ಹತ್ತನೇ ಇಯತ್ತೆಯವರೆಗೆ ಕಲಿತದ್ದು ಕೆಲಸಕ್ಕೆ ಬಂತು. ಗಿಫ್ಟ್, ಪೀಸ್, ಅಲಯನ್ಸ್ ಅಂತ ಓದಬಲ್ಲೆ. ಉಳಿದದ್ದಕ್ಕೆ ರಾಜರ ಮುಖವಿತ್ತು. ಪರದೆಯ ಮೂಲೆಯಲ್ಲಿ ಒಬ್ಬೊಬ್ಬ ರಾಜನ ಮುಖ ಇರುತ್ತದೆ. ಸಿಟ್ಟಾದರೆ ಹುಬ್ಬು ಗಂಟಿಕ್ಕುತ್ತದೆ, ಸಮಾಧಾನವಾದರೆ ಗಂಟು ಬಿಚ್ಚುತ್ತದೆ. ಸಂಖ್ಯೆ ನೋಡುವ ಗೊಡವೆಗೆ ಹೋಗದೆ ನಾನು ಹುಬ್ಬು ನೋಡಿ ನಡೆಸಿದೆ. ನೀಲಿಯವನಿಗೆ ಗೋಧಿ ಕಳಿಸಿದೆ, ಕೆಂಪಿನವನಿಗೆ ಉಣ್ಣೆ. ನಮ್ಮ ರಾಜನ ತಂಗಿಯನ್ನು ನೀಲಿಯವನ ಮನೆಗೆ ಕೊಟ್ಟೆ. ಕೆಂಪಿನವನ ಮನೆಯಿಂದ ನಮ್ಮ ರಾಜನಿಗೆ ಹೆಣ್ಣು ತಂದೆ. ಎರಡು ಕಡೆಯೂ ಬೀಗರಾದರು.

ನಾನು ಹುಟ್ಟಿ ಬೆಳೆದದ್ದು ಮುಂಡಗೋಡದ ಹತ್ತಿರದ ಹಳ್ಳಿಯಲ್ಲಿ. ನಮ್ಮಲ್ಲಿ ಪಕ್ಕದ ಮನೆಯಿಂದ ಒಂದು ಡಬ್ಬಿಯಲ್ಲಿ ಏನಾದರೂ ಬಂದರೆ ಆ ಡಬ್ಬಿ ಖಾಲಿ ಹೋಗಬಾರದು. ಉಂಡಿ ಬಂದರೆ ಚಕ್ಕುಲಿ ಹೋಗಬೇಕು; ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ. ಮಿಲ್ಲಿನ ಕ್ವಾರ್ಟರ್ಸಿಗೆ ಬಂದ ಮೇಲೂ ಅದನ್ನು ಬಿಟ್ಟಿಲ್ಲ. ಇಲ್ಲಿ ಬೆಳಗಾವಿ ಕಡೆಯವರು, ಧಾರವಾಡ ಕಡೆಯವರು, ಜೋಯಿಡಾದ ಕೊಂಕಣಿಯವರು ಎಲ್ಲರೂ ಇದ್ದೇವೆ, ಡಬ್ಬಿಯ ವಿಷಯದಲ್ಲಿ ಎಲ್ಲರದೂ ಒಂದೇ ಶಾಸ್ತ್ರ. ಆಟದ ರಾಜರಿಗೂ ನಾನು ಹಾಗೇ ನಡೆದುಕೊಂಡೆ. ಅವರು ಏನು ಕಳಿಸಿದರೂ ಅದೇ ಋತುವಿನಲ್ಲಿ ನಮ್ಮಿಂದ ಏನಾದರೂ ಹೋಗಲೇಬೇಕು.

ಯಜಮಾನರಿಗೆ ಅದು ರೂಢಿಯಾಯಿತು. ಜಗಳದ ಬಾಬತ್ತು ನನಗೆ ಬಿಟ್ಟು ಅವರು ಕಟ್ಟುವ ಕೆಲಸಕ್ಕೆ ಕೂತರು. ರಸ್ತೆ, ಕಾಲುವೆ, ಹೊಳೆಗೆ ಕಲ್ಲಿನ ಸೇತುವೆ. ಅದಕ್ಕೆ ಅವಸರವಿರಲಿಲ್ಲ, ಬೆರಳು ಜಾರಿದರೆ ಮತ್ತೊಮ್ಮೆ ಒತ್ತಬಹುದಿತ್ತು. ಬೆಳಿಗ್ಗೆ ಹತ್ತಕ್ಕೆ ಕೂತರೆ ಊಟದವರೆಗೆ. ಫೆಬ್ರವರಿಯಲ್ಲಿ ತೋರುಬೆರಳು ತಾನಾಗಿ ಮೇಲೆದ್ದು ತಾನಾಗಿ ಕೆಳಗಿಳಿಯುವುದನ್ನು ನಾನು ನೋಡಿದೆ. ಹೇಳಲಿಲ್ಲ. ಹೇಳಿದರೆ ನಿಂತುಬಿಟ್ಟೀತು ಅನ್ನಿಸಿತು.

ತಮ್ಮ ಮತ್ತೊಂದು ರಜೆಗೆ ಬಂದವನು ನಮ್ಮ ರಾಜ್ಯ ನೋಡಿ ತಲೆಗೆ ಕೈ ಹಚ್ಚಿಕೊಂಡ.

"ಅಕ್ಕಾ, ನಲವತ್ತ ವರ್ಷ ಆತು, ಒಂದೂ ಯುದ್ಧ ಇಲ್ಲ?"

"ಯಾಕ ಬೇಕ?"

"ಯುದ್ಧದ ಆಟದಾಗ ಲಗ್ನಾ, ಕುಬಸಾ ಮಾಡಾಕತ್ತೀರಲ್ಲ ಇಬ್ಬರೂ!"

"ನಿಮ್ಮ ಅಕ್ಕ ಇದ್ದಲ್ಲೆ ಯುದ್ಧ ಆಗೂದಿಲ್ಲಪಾ," ಅಂದರು ಯಜಮಾನರು. "ಚಕ್ಕುಲಿ ಕೊಟ್ಟ ಕಳಸ್ತಾಳ."

ಹೆಮ್ಮೆಯಿಂದಲೇ ಹೇಳಿದರು. ನನಗೆ ಒಳಗೆ ಸ್ವಲ್ಪ ಚುರುಕ್ ಅಂದಿತು, ಯಾಕೆಂದರೆ ಆ ವಾರವೇ ನಾನು ಇನ್ನೊಂದು ಕಡೆ ಚಕ್ಕುಲಿ ಕೊಟ್ಟು ಕಳಿಸಿದ್ದೆ.

ಮಿಲ್ಲಿನಲ್ಲಿ ಇವರ ವಿಭಾಗದ ಸೂಪರ್‌ವೈಸರ್ ಆಗಾಗ ನೋಡಲು ಬರುತ್ತಿದ್ದರು. ಇವರ ಜೊತೆಯಲ್ಲೇ ನೌಕರಿ ಸೇರಿದವರು, ನನ್ನನ್ನು ಅತ್ತಿಗೆಯಂತೆ ಕಂಡು ವೈನಿ ಅನ್ನುತ್ತಾರೆ. ಆ ವಾರ ಬಂದಾಗ ಅವರನ್ನು ಕಳಿಸಲು ಹೊರಗೆ ಬಂದವಳು ಮೆಲ್ಲಗೆ ಕೇಳಿದೆ, ಯಂತ್ರದ ಕೆಲಸ ಬಿಟ್ಟು ಬೇರೆ ಏನಾದರೂ ಇದೆಯೇ ಎಂದು. ಗೇಟಿನ ಹತ್ತಿರ ಪಾಸು ಕೊಡುವ ಕುರ್ಚಿಯಲ್ಲಿ ಇದ್ದವರು ನಿವೃತ್ತರಾಗುತ್ತಾರೆ, ಕೂತು ಮಾಡುವ ಕೆಲಸ, ಕೈಗೆ ತ್ರಾಸಿಲ್ಲ ಎಂದರು.

"ಆದ್ರ ಅಂವಾ ಒಪ್ಪತಾನೇನ್ರಿ ವೈನಿ? ಯಂತ್ರ ಬಿಟ್ಟ ಇರೂ ಪೈಕಿ ಅಲ್ಲ ಅಂವ."

"ನಾ ಒಪ್ಪಸ್ತೇನ್ರಿ. ನೀವು ಆ ಕುರ್ಚಿ ಹಿಡದ ಇಡ್ರಿ."

ಒಳಗೆ ಬಂದಾಗ ಇವರು ಕೇಳಿದರು, ಏನಂದ ಅಂವ, ಯಂತ್ರ ಯಾರು ನೋಡಾಕತ್ತಾರ? ಯಾರೋ ಹೊಸಬರಂತೆ, ನಿಮ್ಮ ದಾರಿ ನೋಡುತ್ತಿದ್ದಾರಂತೆ ಎಂದೆ. ಕೈ ಸುಧಾರಿಸಿದ ಕೂಡಲೇ ನಿಮ್ಮ ಯಂತ್ರಕ್ಕೇ ಹೋಗುವಿರಂತೆ ಎಂದೂ ಸೇರಿಸಿದೆ. ಅವರ ಮುಖ ಅರಳಿತು. ನನಗೆ ಬೇಕಾದದ್ದು ಅದೇ ಆಗಿತ್ತು, ಆ ಹೊತ್ತಿಗೆ.

ಮಾರ್ಚಿನಲ್ಲಿ ಆಟದಲ್ಲಿ ನೀಲಿಯವನು ಸ್ನೇಹದ ಒಪ್ಪಂದ ಕಳಿಸಿದ. ಮನೆಬಾಗಿಲಿಗೆ ಬಂದದ್ದನ್ನು ಬೇಡ ಅನ್ನುವುದು ಹೇಗೆ, ಒಪ್ಪಿದೆ. ಎರಡು ಋತು ಕಳೆದು ಕೆಂಪಿನವನಿಂದ ಹನ್ನೆರಡು ಕುದುರೆ ಉಡುಗೊರೆ ಬಂದವು. ಅದೇ ವರ್ಷ ನಮ್ಮಲ್ಲಿ ಬೆಳೆ ಕೆಟ್ಟು ಉಗ್ರಾಣದಲ್ಲಿ ಏನೂ ಇರಲಿಲ್ಲ. ಗೋಧಿ ಇಲ್ಲ, ಉಣ್ಣೆ ಇಲ್ಲ. ಕುದುರೆ ಇಟ್ಟುಕೊಂಡು ಬರಿಗೈಯಲ್ಲಿ ಕೂರುವುದೇ? ಕಳಿಸಬಹುದಾದದ್ದರ ಪಟ್ಟಿ ನೋಡಿದೆ. ಖರ್ಚಿಲ್ಲದೆ ಕಳಿಸಬಹುದಾದದ್ದು ಒಂದೇ ಇತ್ತು: ಸ್ನೇಹದ ಒಪ್ಪಂದ. ಸಕ್ಕರೆ ಇಲ್ಲದ ಮನೆಯವಳು ಡಬ್ಬಿಯಲ್ಲಿ ಮಾತು ಹಾಕಿ ಕಳಿಸಿದ ಹಾಗಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇಂಗ್ಲಿಷು ಇತ್ತು. ಓದಲಿಲ್ಲ. ಕೆಂಪಿನವನ ಹುಬ್ಬು ಬಿಚ್ಚಿತು, ನಾನು ಒಲೆಯ ಮೇಲಿನ ಹಾಲು ನೋಡಲು ಎದ್ದೆ.

ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಕೂತಿದ್ದೆವು. ಯಜಮಾನರು ಋತು ಮುಂದೆ ಹಾಕಿದರು. ತುತೂರಿಯ ಸದ್ದಾಯಿತು. ನೀಲಿಯವನು ಕೆಂಪಿನವನ ಮೇಲೆ ಯುದ್ಧ ಸಾರಿದ್ದ. ಅದರ ಹಿಂದೆಯೇ ಎರಡು ಪತ್ರ ಬಂದವು. ಒಂದರಲ್ಲಿ ನೀಲಿಯವನು, ಒಪ್ಪಂದದಂತೆ ಸೈನ್ಯ ತೆಗೆದುಕೊಂಡು ಬಾ ಅಂದಿದ್ದ. ಇನ್ನೊಂದರಲ್ಲಿ ಕೆಂಪಿನವನೂ ಅದನ್ನೇ ಅಂದಿದ್ದ.

ಇವರು ಎರಡು ಸಲ ಓದಿ ನನ್ನ ಕಡೆ ತಿರುಗಿದರು. "ಇಬ್ಬರಿಗೂ ಸಹಿ ಹಾಕೀದೇನ?"

"ಕುದರಿ ಕೊಟ್ಟಿದ್ನಲ್ರೀ ಅಂವ."

ತಮ್ಮನಿಗೆ ಫೋನು ಹಚ್ಚಿದೆ. ಅವನ ಹಿಂದೆ ಗಾಡಿ ಕೂಗುತ್ತಿತ್ತು. ಎಲ್ಲ ಕೇಳಿ ಮೊದಲು ನಕ್ಕ.

"ಅಕ್ಕಾ, ಅದು ಸ್ನೇಹ ಅಲ್ಲ, ಒಬ್ಬರಿಗೆ ಯುದ್ಧ ಬಂದ್ರ ಇನ್ನೊಬ್ಬರು ಓಡಿ ಹೋಗೂ ಕರಾರು. ಲಗ್ನದಾಗ ಕೊಡೂ ಆಹೇರಿ ಅಂತ ತಿಳದೀಯೇನ?"

"ಇಬ್ಬರಿಗೂ ಬರೂದಿಲ್ಲ ಅಂದ್ರ?"

"ಇಬ್ಬರೂ ನಿಮ್ಮ ಮ್ಯಾಲೆ ಬರ್ತಾರ. ಒಬ್ಬರನ್ನ ಹಿಡೀರಿ. ಇಲ್ಲಾಂದ್ರ ಮೊನ್ನಿ ಉಳಿಸಿದ ಆಟ ತಗೀರಿ, ಒಪ್ಪಂದ ಕಳಸೂಕಿಂತ ಮೊದಲಿಂದು. ಆಗಿದ್ದ ಆಗಿಲ್ಲ ಅಂತ ಮಾಡಬಹುದು."

ನನಗೆ ಜೀವ ಬಂದಂತಾಯಿತು. ಹಾಗೇ ಮಾಡೋಣ ಎಂದೆ. ಯಜಮಾನರು ಫೋನಿನ ಕಡೆ ಬಾಗಿ, "ಬ್ಯಾಡ. ಹಿಂದ ಹೋಗೂದು ಬ್ಯಾಡ," ಎಂದರು. ಆಮೇಲೆ ಕೇಳಿದರು, "ಯಾರಿಗೆ ಮೊದಲ ಮಾತ ಕೊಟ್ಟಿ?"

"ನೀಲಿ ಬಾವುಟದಾವಗ. ತಂಗೀನೂ ಅಲ್ಲೇ ಕೊಟ್ಟೇವಿ."

"ಹಂಗಾದ್ರ ನೀಲಿ. ಕೆಂಪಿನಾವನ ಮನಿಯಿಂದ ತಂದ ಸೊಸಿ ಇವತ್ತಿಂದ ನಮಗ ಊಟಾ ಹಾಕೂದಿಲ್ಲ, ತಿಳಕೋ."

ಕೆಂಪಿನವನು ಮುಂದಿನ ಋತುವಿಗೇ ನಮ್ಮ ಮೇಲೆ ಬಂದ. ಇವರು ಕಟ್ಟಿದ ಕಲ್ಲಿನ ಸೇತುವೆಯ ಆಚೆ ಅವನ ಸೈನ್ಯ, ಈಚೆ ನಮ್ಮದು. ನನಗೆ ಬೆವರು ಬಂತು. ಸುಳ್ಳು ಯಾಕೆ ಹೇಳಲಿ, ರಾಜ್ಯಕ್ಕಾಗಿ ಅಲ್ಲ. ನಲವತ್ತು ವರ್ಷದ ಆ ಗೋಧಿ, ಉಣ್ಣೆ, ಮದುವೆ ಎಲ್ಲವೂ ಈ ಒಂದು ಹೊತ್ತು ಬರದಿರಲಿ ಅಂತ ಮಾಡಿದ್ದು. ತಮ್ಮ ಕೈ ಅವಸರದಲ್ಲಿ ಜಾರುವುದನ್ನು ಯಜಮಾನರು ಮತ್ತೊಮ್ಮೆ ನೋಡಬಾರದು ಅಂತ. ಅವರ ಕೈಯ ಮೇಲೆ ನನ್ನ ಕೈ ಇಡಲು ಹೋದೆ.

"ಬಿಡು," ಎಂದರು. "ನೀ ದೂರ ಕೂಡು."

ಕುರ್ಚಿ ಹಿಂದಕ್ಕೆ ಎಳೆದು ಕೂತೆ. ಯುದ್ಧ ಶುರುವಾಯಿತು. ಮೊದಲನೇ ತುಕಡಿ ಎಳೆದರು, ಬೆರಳು ಜಾರಿತು, ಬಿಲ್ಲಿನವರು ತಪ್ಪು ಜಾಗದಲ್ಲಿ ನಿಂತರು. ಇವರು ಬೈದುಕೊಂಡರು, ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಹಿಡಿದರು. ಎಲ್ಲರನ್ನೂ ಓಡಿಸುವ ಆಸೆ ಬಿಟ್ಟು ಸೇತುವೆಯ ಬಾಯಿಗೆ ಭರ್ಜಿಯವರನ್ನು ಒಬ್ಬರ ಹಿಂದೆ ಒಬ್ಬರು ನಿಲ್ಲಿಸತೊಡಗಿದರು. ಮುಂದಿನ ಸಾಲು ಸೋತರೆ ಹಿಂದಿನದನ್ನು ಎಳೆದು ಮುಂದೆ ತರುವುದು. ಎಳೆಯುವಾಗ ಮೊಣಕೈ ಮೇಜಿಗೆ ಒತ್ತಿ ಹಿಡಿದಿದ್ದರು, ತುಟಿ ಕಚ್ಚಿದ್ದರು. ಬಹಳ ವರ್ಷ ಹಿಂದೆ ಒಮ್ಮೆ ಮಿಲ್ಲಿನ ಒಳಗೆ ನೌಕರರ ಮನೆಮಂದಿಯನ್ನು ನೋಡಲು ಬಿಟ್ಟಾಗ ಯಂತ್ರದ ಮುಂದೆ ಇವರ ಮುಖ ಹೀಗೇ ಇತ್ತು. ಐದೋ ಆರೋ ಸಲ ಜಾರಿತು. ಉಳಿದ ಸಲವೆಲ್ಲ ಹಿಡಿಯಿತು. ನೀಲಿಯವನ ಸೈನ್ಯ ಬೆಟ್ಟ ಇಳಿದು ಬರುವ ಹೊತ್ತಿಗೆ ನಮ್ಮವರಲ್ಲಿ ಅರ್ಧ ಜನ ಹೋಗಿದ್ದರು, ದಕ್ಷಿಣದ ಕೋಟೆ ಸುಟ್ಟಿತ್ತು. ಸೇತುವೆ ಮಾತ್ರ ನಮ್ಮದೇ ಆಗಿತ್ತು.

ಮೌಸು ಬಿಟ್ಟರು. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ನೋಡಿದೇನ?" ಎಂದರು.

"ನೋಡಿದೆ."

"ನಾಳೆ ಮಿಲ್ಲಿಗೆ ಹೋಗಿ ಬರ್ತೇನಿ. ಯಂತ್ರಕ್ಕ ಯಾವಾಗ ಬರ್ಲಿ ಅಂತ ಕೇಳ್ತೇನಿ."

ಹೋದರೆ ಸೂಪರ್‌ವೈಸರ್ ಗೇಟಿನ ಕುರ್ಚಿಯ ಮಾತು ತೆಗೆಯುತ್ತಾರೆ, ಎಲ್ಲರ ಎದುರಿಗೆ. ಅದಕ್ಕಿಂತ ನನ್ನ ಬಾಯಿಂದಲೇ ಬರಲಿ ಎಂದು ಹೇಳಿಬಿಟ್ಟೆ. ಅವರ ಹತ್ತಿರ ಏನು ಕೇಳಿಕೊಂಡೆ, ಏನು ಒಪ್ಪಿದೆ, ಒಳಗೆ ಬಂದು ನಿಮಗೆ ಏನು ಹೇಳಿದೆ, ಎಲ್ಲವನ್ನೂ. ನನ್ನ ಮಾತು ಮುಗಿದ ಮೇಲೆ ಯಜಮಾನರು ಎದ್ದು, ತಮ್ಮ ಅಂಗಿ ತಾವೇ ಹಾಕಿಕೊಂಡು, ಕೆಳಗಿನ ಎರಡು ಗುಂಡಿ ಹಾಗೇ ಬಿಟ್ಟು ಹೊರಗೆ ಹೋದರು. ಸಂಜೆ ಬಂದು ಊಟ ಮಾಡಿದರು. ಉಪ್ಪು ಕಡಿಮೆಯಾಗಿತ್ತು, ತಾವೇ ಎದ್ದು ಹಾಕಿಕೊಂಡರು.

ಮೂರು ದಿನ ಲ್ಯಾಪ್‌ಟಾಪಿನ ಮುಚ್ಚಳ ತೆರೆಯಲಿಲ್ಲ. ಬೈದಿದ್ದರೆ ನನಗೂ ಉತ್ತರ ಇತ್ತು. ಗುರುವಾರ ಬೆಳಿಗ್ಗೆ ಚಹಾ ಕುಡಿದು, "ಮೌಳಂಗಿ ಹೊಳಿಗೆ ಹೋಗಿ ಬರೂಣು ನಡಿ," ಅಂದರು.

ರಿಕ್ಷಾದಲ್ಲಿ ಹೋದೆವು. ವಾರದ ನಡುವೆ ಅಲ್ಲಿ ಜನ ಇರಲಿಲ್ಲ. ಹೊಳೆಯ ದಂಡೆಯ ಬಂಡೆಯ ಮೇಲೆ ಕೂತೆವು.

"ನಾ ಸೋಲ್ತೇನಿ ಅಂತ ನಿನಗ ಖಾತ್ರಿ ಇತ್ತು, ಅಲ್ಲಾ?"

"ಹಂಗಲ್ರಿ. ಸೋತ ಮ್ಯಾಲೆ ನಿಮ್ಮ ಮಾರಿ ನೋಡಾಕ ನನ್ನ ಕಡೆ ಆಗೂದಿಲ್ಲ ಅಂತ."

"ಅದು ನಿನ್ನ ತ್ರಾಸು. ಅದಕ್ಕ ನನ್ನ ಯಂತ್ರ ಕೊಟ್ಟಬಿಡೂದೇನು?"

ಅವರು ಬಲಗೈಯಿಂದ ಒಂದು ಸಣ್ಣ ಕಲ್ಲು ಎತ್ತಿದರು, ಎಸೆಯಲಿಲ್ಲ, ಬೆರಳುಗಳ ನಡುವೆ ಹೊರಳಿಸುತ್ತ ಕೂತರು.

"ಗೇಟಿನ ಕುರ್ಚೀನೂ ಸಣ್ಣ ಕೆಲಸ ಅಲ್ಲ," ಎಂದರು. "ಯಂತ್ರಕ್ಕ ಹೋಗಿ, ಆಗಲಿಲ್ಲ ಅಂದ್ರ ಆಗೂದಿಲ್ಲ ಅಂತ ನಾನs ಅಂದು, ಆಮ್ಯಾಲೆ ಅಲ್ಲಿ ಕೂಡತೇನಿ. ಆದ್ರ ಮೊದಲ ಹೋಗಬೇಕು. ಸೂಪರ್‌ವೈಸರಗ ನೀ ಕೊಟ್ಟ ಮಾತ ನೀನs ತಿರಗಿ ತಗೊಂಡ ಬಾ. ನಾ ಹೋದ್ರ ಅವಗೂ ನನಗೂ ಜಗಳ ಆಗತೈತಿ, ಪಾಪ ಅಂವ ಒಳ್ಳೇದ ಮಾಡಾಕ ಹೋದಾವ."

"ಇಷ್ಟ ದಿನದಾಗ ಇದೊಂದs ನೀವು ಮಾಡಿದ್ದು ನೋಡ್ರಿ, ಯುದ್ಧ ಆಗದ್ಹಂಗ."

ನಕ್ಕರು. ಮೂರು ದಿನದ ಮೇಲೆ ಆ ನಗು ನೋಡಿ ನನ್ನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡರೆ, ಕಣ್ಣಿಗೆ ಧೂಳು ಬಿತ್ತೇನು ಎಂದು ಚೇಷ್ಟೆ ಮಾಡಿದರು.

ಶನಿವಾರ ಸೂಪರ್‌ವೈಸರರ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ನಾನು ಬಂದ ಕಾರಣ ಹೇಳಿದಾಗ ಸೂಪರ್‌ವೈಸರ್ ಬಸಿ ಕೆಳಗಿಟ್ಟರು.

"ವೈನಿ, ವಿಚಾರ ಮಾಡ್ರಿ. ಆ ಕುರ್ಚಿಗೆ ನಾಕ ಮಂದಿ ಕಾಯಾಕತ್ತಾರ. ಈಗ ಬಿಟ್ರ ಮತ್ತ ಯಾವಾಗ ಖಾಲಿ ಆಗತೈತೋ ನಾ ಹೇಳಾಕ ಬರೂದಿಲ್ಲ. ಅಂವಗ ಯಂತ್ರ ಆಗಲಿಲ್ಲ ಅಂದ್ರ?"

ಆ ಪ್ರಶ್ನೆ ನನಗೂ ಗೊತ್ತಿತ್ತು. ಅದಕ್ಕೇ ಅಲ್ಲವೇ ಮೊದಲು ಅವರನ್ನು ಕೇಳಿದ್ದು.

"ಆಗಲಿಲ್ಲ ಅಂದ್ರ ಅವರs ನಿಮಗ ಬಂದ ಹೇಳ್ತಾರ್ರಿ. ನಾ ಹೇಳಿದ್ದು ತಪ್ಪಾಗಿತ್ತು."

ಬರುವಾಗ ದಾರಿಯಲ್ಲಿ ಒಳ್ಳೆಯದು ಮಾಡಿದೆ ಅನ್ನುವ ಸಮಾಧಾನ ಏನೂ ಬರಲಿಲ್ಲ. ಮನೆಗೆ ಬಂದು, ತಗೊಂಡು ಬಂದೆ ಎಂದೆ. ಹೂಂ ಎಂದು ಕುರ್ಚಿ ಸರಿಸಿ ನನಗೆ ಜಾಗ ಮಾಡಿದರು. ಪರದೆಯ ಮೇಲೆ ಕೆಂಪಿನವನು ಸಂಧಾನ ಕಳಿಸಿದ್ದ: ಸುಟ್ಟ ದಕ್ಷಿಣದ ಕೋಟೆ ತನಗೆ ಬಿಟ್ಟರೆ ಯುದ್ಧ ನಿಲ್ಲಿಸುತ್ತಾನಂತೆ. ಈ ಸಲ ಸಣ್ಣ ಅಕ್ಷರವನ್ನು ಇಬ್ಬರೂ ಕೂಡಿ ಓದಿದೆವು, ಒಂದು ಶಬ್ದಕ್ಕೆ ತಮ್ಮನಿಗೆ ಫೋನೂ ಮಾಡಿದೆವು. ಕೋಟೆ ಬಿಟ್ಟೆವು. ಆ ರಾಜನ ಹುಬ್ಬು ಇಂದಿಗೂ ಗಂಟಿಕ್ಕಿಯೇ ಇದೆ. ನಾನು ಉಣ್ಣೆ ಕಳಿಸಲು ಹೋದರೆ ಇವರು, "ಇರ್ಲಿ ಬಿಡು, ಅವಗೂ ಸಿಟ್ಟ ಇರಬಾರದೇನ?" ಅನ್ನುತ್ತಾರೆ.

ಮಿಲ್ಲಿನ ಡಾಕ್ಟರು ಏಪ್ರಿಲಿನಲ್ಲಿ ಪರೀಕ್ಷೆ ಮಾಡಿದರು. ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳು ಸರಿ, ಉಂಗುರಬೆರಳು ಕಿರುಬೆರಳು ಇನ್ನೂ ಮಂದ ಎಂದರು. ಬೆಳಗಿನ ಪಾಳಿ ಮಾತ್ರ, ಪಕ್ಕದಲ್ಲಿ ಇನ್ನೊಬ್ಬರು ಇರಬೇಕು, ಒಂದು ತಿಂಗಳು ನೋಡೋಣ ಎಂದು ಬರೆದು ಕೊಟ್ಟರು. ಆ ವಾರವೇ ಗೇಟಿನ ಕುರ್ಚಿಗೆ ಬೇರೆಯವರು ಬಂದರು.

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಎದ್ದರು. ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತಾಯಿತು. ನಾನು ಅಡಿಗೆ ಮನೆಯಲ್ಲಿ ಪಾತ್ರೆ ಸಪ್ಪಳ ಮಾಡುತ್ತ ಇದ್ದೆ, ಆ ಕಡೆ ಹೋಗಲಿಲ್ಲ. ಮಿಲ್ಲಿನ ಭೋಂಗಾ ಕೂಗುವ ಮೊದಲೇ ಹೊರಟರು. ಅವತ್ತು ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೊಮ್ಮೆ ಹಿಂಡಿದೆ. ರೊಟ್ಟಿ ಬಡಿದೆ, ಮೂರು ಹರಿದವು. ಎರಡು ಗಂಟೆಯ ಭೋಂಗಾ ಕೂಗಿದ ಮೇಲೆ ಕಿಟಕಿ ಬಿಟ್ಟು ಸರಿಯಲಿಲ್ಲ.

ಎರಡೂವರೆಗೆ ಬಂದರು. ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ಅಂಗಿಯ ತೋಳಿನ ಮೇಲೆ ಕಾಗದದ ಸಣ್ಣ ಬಿಳಿ ಪುಡಿ ಇತ್ತು. ಐದು ತಿಂಗಳಿಂದ ಅದನ್ನು ನಾನು ಝಾಡಿಸಿರಲಿಲ್ಲ.

"ಹೆಂಗಾತ್ರಿ?"

"ಎರಡ ಸಲ ಕಾಗದ ಹರೀತು."

ನಾನು ಬಾಗಿಲ ಚೌಕಟ್ಟು ಹಿಡಿದೆ.

"ಒಂದ ಸಲ ನನ್ನ ತಪ್ಪು. ಬಿಗಿ ಆಗಿದ್ದು ಬೆರಳಿಗೆ ಗೊತ್ತಾಗಲಿಲ್ಲ. ಇನ್ನೊಂದು ಯಾರ ತಪ್ಪೂ ಅಲ್ಲ. ಅದು ಹರೀತೈತಿ ಒಮ್ಮೊಮ್ಮೆ."

"ಮತ್ತ?"

"ಮತ್ತೇನ? ಹರಿದಿದ್ದ ಕೂಡಿಸಿ ಯಂತ್ರ ಹಚ್ಚಿದೆ," ಎಂದರು. ಬೂಟನ್ನು ಗೋಡೆಗೆ ಒರಗಿಸಿ ಇಟ್ಟರು. "ಊಟಕ್ಕ ನೀಡು. ನಾಳೆ ಐದಕ್ಕs ಎಬ್ಬಸು. ಗುಂಡಿಗೆ ವ್ಯಾಳ್ಯಾ ಹಿಡೀತೈತಿ."